ಐತವಾರ ಹೂಡದ ಎತ್ತು

ಈ ಸಲ ರೋಹಿಣಿ ಮಳೆ ಬಿದ್ದ ಮೇಲೆ ನಾನು ಹಳೆಯ ಊರಿಗೆ ಹೋಗಿ ಬಂದೆ. ಹೋಗಬೇಕೆಂದು ಹೋದದ್ದಲ್ಲ. ಮೊಮ್ಮಗಳು ರೂತ್ ತಿಳವಳ್ಳಿ ಶಾಲೆಗೆ ಟೀಚರಾಗಿ ಹೋಗಿದ್ದಾಳೆ. ನಾಲ್ಕು ದಿನ ಇದ್ದು ಬಾ ಅಜ್ಜಿ ಎಂದು ಸವಣೂರಿನಿಂದ ಹೊರಡಿಸಿದಳು. ಶಿಗ್ಗಾಂವಿ ದಾಟಿ, ಬಂಕಾಪುರ ದಾಟಿ, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ.

ಮರುದಿನ ಸೋಮವಾರ, ಶಾಲೆಗೆ ಇನ್ನೂ ಸೂಟಿ. ಇಲ್ಲಿವರೆಗೆ ಬಂದಮೇಲೆ ಊರನ್ನೂ ನೋಡಿಬಿಡು ಎಂದು ಅವಳು ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹಳ್ಳಿಗೆ ಕರೆದೊಯ್ದಳು. ಊರೊಳಗೆ ನೋಡುವಂಥದು ಏನೂ ಇರಲಿಲ್ಲ. ನಾವಿದ್ದ ಮನೆಯ ಜಾಗದಲ್ಲಿ ಯಾರದೋ ಗೋಬರ್ ಗ್ಯಾಸಿನ ಗುಂಡಿ. ಸರಿ, ಗದ್ದೆ ಕಡೆ ನಡೆ ಎಂದೆ. ಅಲ್ಲಿ ಇಳಿದಾಗ ಆ ವಾಸನೆ ಬಂತು.

ಮಳೆ ಬಿದ್ದ ಕೂಡಲೇ ಏಳುವ ಮಣ್ಣಿನ ವಾಸನೆ ಅಲ್ಲ. ಅದನ್ನು ಊರೆಲ್ಲ ಹೊಗಳುತ್ತದೆ, ಅದರಿಂದ ಒಂದು ಕಾಳೂ ಹುಟ್ಟುವುದಿಲ್ಲ. ಇದು ನೀರು ಇಂಗಿದ ಮೇಲಿನ ವಾಸನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು, ಅಂಥ ಮಣ್ಣು. ಹದ ಎನ್ನುತ್ತೇವೆ. ಹದ ಒಂದು ದಿನ ಇರುತ್ತದೆ, ದೊಡ್ಡ ಮನಸ್ಸು ಮಾಡಿದರೆ ಎರಡು ದಿನ. ಆಮೇಲೆ ಕಾಲಿಗೆ ಬಿದ್ದರೂ ಬರುವುದಿಲ್ಲ.

ಬದುವಿನಾಚೆ ಒಂದು ಟ್ರ್ಯಾಕ್ಟರು ಭತ್ತ ಬಿತ್ತುತ್ತಿತ್ತು. ಸೋಮವಾರದ ದಿನ. ಆ ಹೊಲದಲ್ಲಿ! ನಾನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ. ತಲೆ ಸುತ್ತಿತೇನು ಎಂದು ರೂತ್ ಗಾಬರಿಯಾದಳು. ತಲೆ ಸರಿಯಾಗೇ ಇತ್ತು. ನನಗೆ ಒಂದು ವರ್ಷದ ಬಿತ್ತನೆ ನೆನಪಾಗಿತ್ತು.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕತ್ತಲಾಗುವ ಮುಂಚೆ ಉಂಡು ಮಲಗುತ್ತಿದ್ದೆವು. ನನ್ನ ಮಗಳು ಸಾರವ್ವ, ಈ ರೂತಳ ತಾಯಿ, ಆಗ ಮೊಲೆ ಕುಡಿಯುವ ಕೂಸು. ನನ್ನ ಗಂಡನ ಹೆಸರು ದಾವೀದ. ಆ ಹೆಸರು ಊರವರ ಬಾಯಲ್ಲಿ ಹೊರಳದೆ ದಾವಲಪ್ಪ ಆಗಿತ್ತು. ಗಂಡನನ್ನು ಹೆಸರು ಹಿಡಿದು ಬರೆಯುತ್ತೀ, ಅವನು ಇವನು ಅನ್ನುತ್ತೀ ಎಂದು ರೂತ್ ಬೈಯುತ್ತಾಳೆ. ಬದುಕಿದ್ದಾಗ ಹೋಗ್ರಿ ಬರ್ರಿ ಎಂದು ಸಾಕಷ್ಟು ಅಂದಿದ್ದೇನೆ, ಇನ್ನು ಸಾಕು.

ನಾವು ಕಿರಿಸ್ತಾನರು. ಹೇಗಾದೆವು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಊರಿಗೆಲ್ಲ ಗೊತ್ತಿತ್ತು. ನನ್ನ ಮಾವ ಒಂದು ಬರಗಾಲದಲ್ಲಿ ಮಿಶನ್ನಿನವರು ಕಾಸಿದ ಗಂಜಿ ಕುಡಿದು ಜೀವ ಉಳಿಸಿಕೊಂಡವನು. ಗಂಜಿ ಮೊದಲು, ದೀಕ್ಷಾಸ್ನಾನ ಆಮೇಲೆ. ಹಾಗಾಗಿ ಊರಲ್ಲಿ ನಮಗೆ ಗಂಜಿಯವರು ಎಂದು ಹೆಸರು. ಜಗಳವಿಲ್ಲದ ದಿನವೂ ಹಾಗೇ ಕರೆಯುತ್ತಿದ್ದರು. "ಗಂಜಿ ದಾವಲನ ಮನಿ ಎಲ್ಲೈತಿ?" ಎಂದರೆ ಕೂಸು ಕೂಡ ಕೈ ತೋರಿಸುತ್ತಿತ್ತು. ನನಗೆ ಅದು ತಾಗುತ್ತಿರಲಿಲ್ಲ. ಹಸಿದವನು ಗಂಜಿ ಕುಡಿಯದೆ ಕಲ್ಲು ಕಡಿಯಬೇಕಿತ್ತೇ? ನನ್ನ ಗಂಡನಿಗೆ ತಾಗುತ್ತಿತ್ತು. ಅವನು ಹೇಳುತ್ತಿರಲಿಲ್ಲ, ಅಷ್ಟೆ.

ಸ್ವಂತ ಭೂಮಿ ಇರಲಿಲ್ಲ. ಗೌಡರ ಕೆಳಗಿನ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದೆವು, ಬೆಳೆದುದರಲ್ಲಿ ಅವರಿಗರ್ಧ ನಮಗರ್ಧ. ಒಂದೇ ಎತ್ತು ಇತ್ತು, ಮೈಲ ಎಂದು ಅದರ ಹೆಸರು. ಒಂದೆತ್ತಿನಿಂದ ಏನೂ ಆಗುವುದಿಲ್ಲ. ನಮ್ಮ ಗದ್ದೆಯ ಮೇಲ್ಗಡೆ ಹೊಲದ ಬಸಲಿಂಗಪ್ಪನ ಹತ್ತಿರವೂ ಒಂದೇ ಎತ್ತು, ಕೆಂದ. ಎರಡನ್ನೂ ಜೋಡಿ ಮಾಡಿ ಇಬ್ಬರ ಭೂಮಿಯನ್ನೂ ಉಳುತ್ತಿದ್ದರು. ಬಸಲಿಂಗಪ್ಪನ ಮನೆಯವರು ಲಿಂಗ ಕಟ್ಟಿದವರು. ಅವನ ತಾಯಿ ನೀಲವ್ವ ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಮೈಲ ಮಾತ್ರ ಅವರ ಗೋದಲಿಯಲ್ಲಿ ಹುಲ್ಲು ತಿಂದು, ಅವರ ಬಾನಿಯಲ್ಲಿ ನೀರು ಕುಡಿದು ಬರುತ್ತಿತ್ತು. ಎತ್ತಿಗಿದ್ದ ಮರ್ಯಾದೆ ನಮಗಿರಲಿಲ್ಲ ಎಂದು ಬೇಕಾದರೆ ಬರೆಯಬಹುದು. ಆದರೆ ಆ ಮುದುಕಿಯ ಬಗ್ಗೆ ಅಷ್ಟಕ್ಕೇ ನಿಲ್ಲಿಸಿದರೆ ನನ್ನ ಬಾಯಿ ಸೀದು ಹೋಗುತ್ತದೆ.

ಒಂದು ಜೋಡಿ ಎತ್ತು, ಎರಡು ಮನೆ, ಎರಡು ವಾರ. ಸೋಮವಾರ ಅವರು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ಅದು ಬಸವಣ್ಣನ ವಾರ. ಐತವಾರ ನಾವು ಇಡುತ್ತಿರಲಿಲ್ಲ, ಅದು ನಮ್ಮ ಕರ್ತನ ವಾರ. ಊರಿನವರು ನಗುತ್ತಿದ್ದರು. "ಆ ಎರಡು ಎತ್ತು ಪುಣ್ಯಾ ಮಾಡಿ ಹುಟ್ಟ್ಯಾವ ನೋಡ, ವಾರದಾಗ ಎರಡು ದಿನ ಸೂಟಿ. ನಮ್ಮ ಕಲೆಕ್ಟರಗೂ ಅಷ್ಟು ಸಿಗಂಗಿಲ್ಲ!"

ಆ ವರ್ಷ ಯುಗಾದಿಯಲ್ಲಿ ಗೌಡರು ನನ್ನ ಗಂಡನನ್ನು ಕರೆಸಿ ಒಂದು ಮಾತು ಹೇಳಿದ್ದರು. "ಗದ್ದಿ ಕೇಳಾವರು ಬಾಳ ಮಂದಿ ಅದಾರ ದಾವಲ. ಹಿಂದಿಂದು ನೋಡಿ ನಿನಗ ಬಿಟ್ಟೇನಿ. ಒಂದ ಮೂಲಿ ಬೀಳು ಬಿತ್ತಂದ್ರೂ ಮುಂದಿನ ಯುಗಾದಿಗೆ ನಾ ನಿನ್ನ ಮಾರಿ ನೋಡಂಗಿಲ್ಲ." ಗೌಡರು ಕೆಟ್ಟವರಲ್ಲ. ಆಡಿದರೆ ಆಡಿದಂತೆ ಮಾಡುವವರು, ಅಷ್ಟೆ.

ರೋಹಿಣಿ ಮಳೆ ಚೆನ್ನಾಗಿ ಹೊಡೆಯಿತು. ಬಸಲಿಂಗಪ್ಪನ ಹೊಲ ಮೇಲಿನದು, ನೀರು ಬೇಗ ಇಳಿದು ಮೊದಲು ಹದಕ್ಕೆ ಬಂತು. ಶುಕ್ರವಾರ, ಶನಿವಾರ ಅವರದನ್ನು ಬಿತ್ತಿದೆವು. ಗಂಡಸರು ಕೂರಿಗೆ ಹಿಡಿದರೆ ಕಾಳು ಬಿಡುವುದು ಹೆಂಗಸರ ಕೆಲಸ. ಉಡಿಯಲ್ಲಿ ಭತ್ತ ಕಟ್ಟಿಕೊಂಡು ಕೂರಿಗೆಯ ಪಕ್ಕದಲ್ಲಿ ನಡೆಯುತ್ತ, ಬಟ್ಟಲಿನೊಳಕ್ಕೆ ಬೆರಳ ಸಂದಿಯಿಂದ ಕಾಳು ಇಳಿಸಬೇಕು. ಅಲ್ಲಿಂದ ಅದು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಕೈ ಬಿಗಿಯಾದರೆ ತೆಳುವು, ಸಡಿಲಾದರೆ ದಟ್ಟ. ನನ್ನ ಕೈ ಒಳ್ಳೆಯ ಕೈ ಎಂದು ಊರಲ್ಲಿ ಹೆಸರಿತ್ತು. ಆದರೆ ಆ ಶನಿವಾರ ನನ್ನ ಕಣ್ಣು ಕಾಳಿನ ಮೇಲೆ ಇರಲಿಲ್ಲ, ಪಡುವಣ ದಿಕ್ಕಿನ ಮೋಡದ ಮೇಲಿತ್ತು. ನಾಳೆ ನಮ್ಮ ಗದ್ದೆ ಹದಕ್ಕೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ನಾಳೆ ಯಾವ ದಿನ ಎಂಬುದೂ ಗೊತ್ತಿತ್ತು.

ಐತವಾರ ಬೆಳಗು ಹರಿಯುವ ಹೊತ್ತಿಗೆ ಬಸಲಿಂಗಪ್ಪ ಕೆಂದನನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದ.

"ಏಳೋ ದಾವಲಾ. ಕೆಳಗಿನ ಗದ್ದಿ ಮುಟ್ಟಿ ನೋಡಿ ಬಂದೇನಿ. ಬೆಣ್ಣಿ ಹಂಗ ಐತಿ ಮಣ್ಣು."

"ಇವತ್ತ ಐತಾರ, ಬಸಲಿಂಗಣ್ಣ."

"ನನಗ ಗೊತ್ತೈತಿ. ಮಳಿಗೆ ಗೊತ್ತಿಲ್ಲ."

ನನ್ನ ಗಂಡ ಮುಖ ತೊಳೆಯುತ್ತಲೇ ಇದ್ದ.

"ಹಂಗಾರ ನೀ ಹೋಗಪಾ ನಿನ್ನ ಪ್ರಾರ್ಥನಿಗೆ," ಎಂದ ಬಸಲಿಂಗಪ್ಪ. "ಮೈಲನ್ನ ನನ್ನ ಕೈಯಾಗ ಕೊಡು. ನಾ ಕೂರಿಗಿ ಹೊಡೀತೇನಿ, ನಮ್ಮವ್ವ ಕಾಳು ಬಿಡ್ತಾಳ. ಪಾಪ ಬಂದ್ರ ನನಗ ಬರಲಿ. ನನಗ ಬ್ಯಾರೆ ದೇವರು ಅದಾನ, ಅಂವ ನೋಡ್ಕೊಂತಾನ."

"ಎತ್ತೂ ದುಡೀಬಾರದು ಐತಾರ. ಮನಿಶ್ಯಾಗ ಅಷ್ಟ ಅಲ್ಲ ಆ ಕಟ್ಟಳೆ. ಎತ್ತಿಗೂ ಐತಿ."

ಬಸಲಿಂಗಪ್ಪ ಅವನನ್ನೇ ನೋಡಿದ. ಆಮೇಲೆ ಮೈಲನನ್ನು ನೋಡಿದ. "ಇದಕ್ಕೂ ದೀಕ್ಷಾಸ್ನಾನ ಮಾಡ್ಸೀಯೇನಲೆ?"

ಆ ಸಿಟ್ಟಿನಲ್ಲೂ ನನಗೆ ನಗು ಬಂತು. ಗಂಡನಿಗೆ ಬರಲಿಲ್ಲ. ಬಸಲಿಂಗಪ್ಪ ಕೆಂದನನ್ನು ಹೊರಳಿಸಿಕೊಂಡು ಹೋದ ಮೇಲೆ ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾಳೆ ಅವರು ಹೂಡಂಗಿಲ್ಲ. ನಾಡದ ಮಳಿ ಹಿಡದ್ರ? ಗೌಡ್ರು ಏನಂದಾರ ನೆನಪೈತೇನ್ರಿ?"

"ಐತಿ."

"ಮತ್ತ?"

ಅವನು ಕೂಸಿನ ತೊಟ್ಟಿಲು ತೂಗುತ್ತ ಕುಳಿತ. ತೂಗುತ್ತಲೇ ಹೇಳಿದ: "ನಮ್ಮಪ್ಪ ಗಂಜಿ ಕುಡದ. ನಾ ಅದರ ಮ್ಯಾಲೆ ಬೆಳದೆ. ಈ ದೇವರ ಕಡಿಂದ ನಾವು ಇಸಗೊಂಡಿದ್ದ ಬಾಳ ಐತಿ. ಕೊಟ್ಟಿದ್ದ ಏನೈತಿ ಹೇಳು? ಅಂವ ಕೇಳಿದ್ದು ಒಂದ ದಿನ."

"ಅಂವ ಕೇಳಿದ್ದು ದಿನಾರೀ. ನೀವು ಕೊಡಾಕತ್ತಿದ್ದು ವರ್ಷ," ಎಂದೆ.

ಅವನು ಎದ್ದು ಒಗೆದ ಧೋತರ ಉಟ್ಟುಕೊಂಡ. ನಾನೂ ಕೂಸನ್ನು ಎತ್ತಿಕೊಂಡೆ.

ಪ್ರಾರ್ಥನೆಯ ಮನೆ ಪಕ್ಕದ ಹಳ್ಳಿಯಲ್ಲಿತ್ತು. ದಾರಿಯುದ್ದಕ್ಕೂ ಎರಡೂ ಕಡೆ ಕೂರಿಗೆಗಳು ಓಡುತ್ತಿದ್ದವು. ಹೆಂಗಸರು ಉಡಿ ತುಂಬ ಭತ್ತ ಕಟ್ಟಿಕೊಂಡು ನಡೆಯುತ್ತಿದ್ದರು. ನನ್ನ ಉಡಿ ಖಾಲಿ. ಒಬ್ಬ ಎತ್ತು ನಿಲ್ಲಿಸಿ ಕೂಗಿದ: "ಏ ದಾವಲಾ, ಇಷ್ಟು ಲಗೂನ ಹೊಂಟೆ? ಗಂಜಿ ಬಿಸಿ ಐತೇನು ಇವತ್ತ?" ಹೊಲದ ತುಂಬ ನಗು. ಗಂಡ ತಲೆ ತಗ್ಗಿಸಲೂ ಇಲ್ಲ, ಎತ್ತಲೂ ಇಲ್ಲ. ಅವನ ಹಿಂದೆ ನಡೆಯುತ್ತ ನಾನು ಅವನ ಬೆನ್ನನ್ನೇ ಬೈಯುತ್ತಿದ್ದೆ, ಮನಸ್ಸಿನಲ್ಲಿ.

ಹೋಗಿ ನೋಡಿದರೆ ಪ್ರಾರ್ಥನೆಯ ಮನೆಯಲ್ಲಿ ಯಾರೂ ಇಲ್ಲ. ಮೂಲೆಯಲ್ಲಿ ಕಿವಿ ಕೇಳದ ಒಬ್ಬ ಮುದುಕಿ. ನಮ್ಮವರೆಲ್ಲ, ಕಿರಿಸ್ತಾನರೇ, ಬಿತ್ತುವುದಕ್ಕೆ ಹೋಗಿದ್ದರು.

"ಉಳದಾವರೆಲ್ಲ ಎಲ್ಲಿ ಹ್ವಾದ್ರವ್ವಾ?" ಎಂದು ಮುದುಕಿ ನನ್ನನ್ನು ಕೇಳಿದಳು.

"ಬಿತ್ತಾಕ ಹೋಗ್ಯಾರ!" ಎಂದು ಅವಳ ಕಿವಿಯಲ್ಲಿ ಕೂಗಿದೆ.

"ಮತ್ತ ನೀವ್ಯಾಕ ಬಂದ್ರಿ?"

ಅದನ್ನು ನಿಮ್ಮ ದಾವೀದನನ್ನೇ ಕೇಳಬೇಕು ಎಂದುಕೊಂಡೆ. ಅವನು ಎದ್ದು ನಿಂತು ಒಂದು ಕೀರ್ತನೆ ಹಾಡಿದ. ಅವನ ದನಿ ಏನೂ ಚೆನ್ನಾಗಿರಲಿಲ್ಲ. ಖಾಲಿ ಮನೆಯಲ್ಲಿ ಇನ್ನೂ ಕೆಟ್ಟದಾಗಿ ಕೇಳಿಸಿತು. ಮುದುಕಿ ಯಾವ ಹಾಡು ಎಂದು ತಿಳಿಯದೆ ಬೇರೆ ಯಾವುದನ್ನೋ ಜೊತೆಗೆ ಹಾಡಿದಳು. ಇಬ್ಬರೂ ಒಂದೇ ಸಲ ಮುಗಿಸಿದ್ದು ಮಾತ್ರ ದೇವರ ದಯ.

ಸೋಮವಾರ ಮೋಡ ಕಪ್ಪಾಯಿತು. ಗಾಳಿ ನಿಂತುಹೋಯಿತು. ಮಧ್ಯಾಹ್ನ ಬಸಲಿಂಗಪ್ಪ ಮತ್ತೆ ಬಂದ. ಈ ಸಲ ಅವನ ಹಿಂದೆ ನೀಲವ್ವನೂ ಇದ್ದಳು, ಕೋಲು ಊರಿಕೊಂಡು. ಬಸಲಿಂಗಪ್ಪನ ಮುಖ ಸಣ್ಣದಾಗಿತ್ತು.

"ಹೂಡು," ಎಂದ. "ನಾ ಇವತ್ತ ವಾರ ಮುರೀತೇನಿ. ಅವ್ವಗ ಕೇಳೇನಿ. ಬ್ಯಾಡ ಅನ್ನಲಿಲ್ಲ."

ನೀಲವ್ವ ನೆಲ ನೋಡುತ್ತ ನಿಂತಿದ್ದಳು. ಆ ಮನೆಯಲ್ಲಿ ಸೋಮವಾರದ ದಿನ ಎತ್ತಿನ ಕೊರಳಿಗೆ ಕೈ ಹಾಕಿದ್ದನ್ನು ಅವಳು ಸೊಸೆಯಾಗಿ ಬಂದಂದಿನಿಂದ ಕಂಡವಳಲ್ಲ. ನನಗೆ ಹೂಡ್ರಿ, ಹೂಡ್ರಿ ಎಂದು ಕೂಗಬೇಕೆನಿಸಿತು. ಮೂಲೆಯಲ್ಲಿ ಕೂರಿಗೆ ಸಿದ್ಧವಾಗಿ ನಿಂತಿತ್ತು, ಬೀಜದ ಬುಟ್ಟಿಯೂ ಸಿದ್ಧ.

ನನ್ನ ಗಂಡ ಎದ್ದು ಬಂದು ಬಸಲಿಂಗಪ್ಪನ ಎದುರು ನಿಂತ. "ನನ್ನ ವಾರ ನಾ ಮುರೀಲಿಲ್ಲಣ್ಣ. ನಿನ್ನ ವಾರ ಮುರಿಸಿ ಬೆಳದ ಅನ್ನ ನನ್ನ ಗಂಟಲದಾಗ ಇಳೀತೈತೇನು?"

ಮೈಲ ಬಾಲ ಬೀಸಿ ನೊಣ ಓಡಿಸಿಕೊಂಡಿತು. ನೀಲವ್ವ ತಲೆ ಎತ್ತಿ ನನ್ನ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಹುಚ್ಚ ಅದಾನ ಇಂವ," ಎಂದು ನನಗೆ ಹೇಳಿದಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, "ಆದ್ರ ಖರೇ ಹುಚ್ಚ," ಎಂದಳು.

ಮಂಗಳವಾರ ನಸುಕಿನಲ್ಲೇ ಕೂರಿಗೆ ಹೂಡಿದರು. ಎರಡನೆಯ ಸಾಲು ತಿರುಗಿಸುವಾಗ ಮಳೆ ಬಂತು. ಬಂತು ಎನ್ನುವುದು ಸಣ್ಣ ಮಾತು. ಪಡುವಣದಿಂದ ಎದ್ದು ನಡೆದುಕೊಂಡೇ ಬಂತು. ನೆಲ ಸೀಳುವ ಕೂರಿಗೆಯ ತಾಳುಗಳಿಗೆ ಮಣ್ಣು ಮೆತ್ತಿ ಮುದ್ದೆಯಾಯಿತು. ಎತ್ತುಗಳು ಹೊಟ್ಟೆಗೆ ಕೆಸರು ಸಿಡಿಸಿಕೊಂಡು ನಿಂತುಬಿಟ್ಟವು. ಉಡಿಯ ಭತ್ತ ನೆನೆದು ನನ್ನ ಹೊಟ್ಟೆಗೆ ತಣ್ಣಗೆ ಅಂಟಿತು. ಬಸಲಿಂಗಪ್ಪ ನೊಗ ಬಿಚ್ಚಿದ. ಆ ಮಳೆ ರೋಹಿಣಿಯ ಹಿಂದೆ ಬರುವ ಮಿರಗ ಕಳೆಯುವವರೆಗೆ ಬಿಡಲಿಲ್ಲ. ಗದ್ದೆ ಕೆರೆಯಾಯಿತು. ಸಸಿಮಡಿ ಹಾಕಿ ಆಮೇಲೆ ನಾಟಿ ಮಾಡೋಣವೆಂದರೆ ಮಡಿಗೆ ಎತ್ತರದ ನೆಲ ಬೇಕು. ನಮ್ಮದೆಲ್ಲ ನೀರಿನಡಿ. ಉಳಿದ ಬೀಜದ ಭತ್ತವನ್ನು ಒಲೆಯ ಮೇಲೆ ಕಟ್ಟಿ ಒಣಗಿಸಿದೆ. ಒಣಗಿದ ಮೇಲೆ ಕುಟ್ಟಿದೆ. ಕುಟ್ಟಿ ಉಂಡೆವು. ಬಿತ್ತುವ ಕಾಳು ಉಣ್ಣುವ ಮನೆ ಹಾಳುಮನೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒನಕೆ ಹಾಕುವಾಗ ಬಾಗಿಲು ಮುಚ್ಚಿಕೊಂಡಿದ್ದೆ.

ಹಿರೇಕೆರೂರಿನಿಂದ ತಿಂಗಳಿಗೊಮ್ಮೆ ಸೈಕಲ್ಲಿನ ಮೇಲೆ ಬರುತ್ತಿದ್ದ ಅಯ್ಯನವರು, ನಮ್ಮ ಸಭಾಪಾಲಕರು, ಆ ಸಲ ಸೈಕಲ್ಲು ಬಿಟ್ಟು ಕೆಸರಿನಲ್ಲಿ ನಡೆದು ಬಂದರು. ವಿಷಯ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಎಂಥಾ ಕೆಲಸಾ ಮಾಡ್ದೆಪಾ ದಾವೀದ! ಗುಂಡ್ಯಾಗ ಬಿದ್ದ ಎತ್ತನ್ನ ವಾರದ ದಿನಾನೂ ಎತ್ತಬೇಕಂತ ಕರ್ತನ ಹೇಳ್ಯಾನಲ್ಲೋ? ನನ್ನ ಒಂದು ಮಾತು ಕೇಳಿದ್ದರ ಬಿತ್ತಂತ ಹೇಳ್ತಿದ್ದೆ."

"ಅದಕ್ಕ ಕೇಳಲಿಲ್ರಿ ಅಯ್ಯನವರ," ಎಂದ ನನ್ನ ಗಂಡ.

ಅಯ್ಯನವರು ಚಹಾದ ಬಟ್ಟಲು ಕೆಳಗಿಟ್ಟರು. ನನಗೆ ಅಲ್ಲೇ ಇದ್ದ ಕಟ್ಟಿಗೆ ತೆಗೆದುಕೊಂಡು ಇಬ್ಬರಿಗೂ ಬಾರಿಸಬೇಕೆನಿಸಿತು. ಒಬ್ಬನು ಬಿಡಬಹುದಾದ್ದನ್ನು ಬಿಡಲಿಲ್ಲ. ಇನ್ನೊಬ್ಬರು ಬಿಡಬಹುದು ಎಂದು ಮೊದಲೇ ಬಂದು ಹೇಳಲಿಲ್ಲ. ನಡುವೆ ನನ್ನ ಮೊಲೆಯಲ್ಲಿ ಹಾಲು ಬತ್ತುತ್ತಿತ್ತು. ವಿಧೇಯತೆ ಎಂದು ಅಯ್ಯನವರು ಪ್ರಸಂಗದಲ್ಲಿ ಹೇಳುತ್ತಿದ್ದ ದೊಡ್ಡ ಶಬ್ದ ನಮ್ಮ ಮನೆಯಲ್ಲಿ ಹೇಗೆ ಕಾಣುತ್ತದೆ ಎಂದು ಅವತ್ತು ನೋಡಿದೆ. ಖಾಲಿ ಬುಟ್ಟಿಯ ಹಾಗೆ ಕಾಣುತ್ತದೆ.

ಅಷ್ಟರೊಳಗೆ ಮೇಲಿನ ಹೊಲದಲ್ಲಿ ಭತ್ತ ಹುಟ್ಟಿತ್ತು. ಒಂದು ದಿನ ಮಳೆ ತುಸು ಬಿಟ್ಟಾಗ ನೀಲವ್ವ ನಮ್ಮ ಓಣಿಯ ಬಾಯಿಯಲ್ಲಿ ನಿಂತು ಕೂಗಿದಳು.

"ಏ ಮಾರ್ತವ್ವಾ! ಹೊರಗ ಬಾ. ನಮ್ಮ ಹೊಲದಾಗ ಬಿತ್ತೀಯೋ, ಸುರುವೀಯೋ?"

ನಾನು ಹೋಗಿ ನೋಡಿದೆ. ಶನಿವಾರ ಬಿತ್ತಿದ ಅಷ್ಟೂ ಸಾಲು ಹುಡುಗಿಯ ತಲೆಗೂದಲಿನ ಹಾಗೆ ದಟ್ಟವಾಗಿ ನಿಂತಿತ್ತು. ಮೋಡ ನೋಡುತ್ತ ನಡೆದವಳ ಸಡಿಲ ಕೈ. ಶುಕ್ರವಾರದ ಸಾಲುಗಳು ಹೇಗಿರಬೇಕೋ ಹಾಗೇ ಇದ್ದವು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು.

"ಹಿಂಗ ಬಿಟ್ಟರ ಒಂದರ ನೆಳ್ಳಾಗ ಒಂದು ಸಾಯ್ತಾವ," ಎಂದಳು ನೀಲವ್ವ. "ನೀ ಮಾಡಿದ್ದನ್ನ ನೀನ ತಿದ್ದು. ಹೆಚ್ಚಿಂದು ಕೀಳು. ಕೂಲಿ ಕೊಡಂಗಿಲ್ಲ ಮತ್ತ, ಹೇಳೇನಿ. ಕಿತ್ತ ಸಸಿ ನನ್ನ ಕಣ್ಣ ಮುಂದ ಒಗೀಬ್ಯಾಡ, ಎತಗೊಂಡು ಹೋಗು. ಎಲ್ಲರ ಹಚ್ಚಿಕೋ ಬೇಕಾರ."

ಎಲ್ಲಿ ಹಚ್ಚಿಕೊಳ್ಳಬೇಕು ಎಂದು ಹೇಳಲಿಲ್ಲ. ಕೆಳಗಿನ ಗದ್ದೆಯ ಕಡೆ ನೋಡಲೂ ಇಲ್ಲ.

ನಾನು, ನನ್ನ ಗಂಡ ಕೀಳುತ್ತ ಹೋದೆವು. ಕೂಸು ಬದುವಿನ ಮೇಲೆ ಗೊಂಗಡಿಯೊಳಗೆ. ನೀಲವ್ವ ಕೋಲು ಊರಿಕೊಂಡು ಹಿಂದೆಯೇ ಬಂದು, "ಇದನ್ನ ಕೀಳು, ಆ ಬುಡ ಕೀಳು, ಕಣ್ಣಿಲ್ಲೇನ?" ಎನ್ನುತ್ತಿದ್ದಳು. ಶನಿವಾರದ ಸಾಲು ಮುಗಿದವು. ಅವಳು ಶುಕ್ರವಾರದ ಸಾಲಿಗೆ ಬಂದು ನಿಂತಳು.

"ಇವು ಸರಿ ಅದಾವ್ರೀ ಅವ್ವಾರ. ಇಲ್ಲಿ ಕಿತ್ತರ ನಿಮ್ಮ ಹೊಲ ಬೋಳಾಗತೈತಿ," ಎಂದೆ.

"ನನ್ನ ಹೊಲದ ಚಿಂತಿ ನಿನಗ್ಯಾಕ ಬೇ? ಕೀಳಂದ್ರ ಕೀಳು."

ಮೇಲೆ ನೋಡಿದೆ. ಅವಳು ಎತ್ತಲೋ ನೋಡುತ್ತಿದ್ದಳು. ಬಸಲಿಂಗಪ್ಪ ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ತಾಯಿ ತನ್ನ ಹೊಲವನ್ನು ತೆಳುವು ಮಾಡುತ್ತಿದ್ದುದು ಅವನಿಗೆ ಕಾಣದೆ ಇರಲಿಲ್ಲ. ಅವನು ಬಾಯಿ ಬಿಡಲಿಲ್ಲ. ಬಾಯಲ್ಲಿ ಎಲೆ ಇತ್ತು ಎಂದುಕೊಳ್ಳೋಣ.

ಆ ಸಸಿಯನ್ನು ಕೆಳಗಿನ ಗದ್ದೆಯಲ್ಲಿ ಹಚ್ಚಿದೆವು. ನೀರು ಮೀನಖಂಡಕ್ಕೆ ಇಳಿದಿತ್ತು. ಬಸಲಿಂಗಪ್ಪ, ನನ್ನ ಗಂಡ ಸೇರಿ ಎತ್ತು ಹೂಡಿ ಕೆಸರು ಮಾಡಿಕೊಟ್ಟರು, ಸೋಮವಾರ ಬಿಟ್ಟು, ಐತವಾರ ಬಿಟ್ಟು. ಸಸಿ ಅರ್ಧ ಗದ್ದೆಗೆ ಆಯಿತು. ಉಳಿದರ್ಧ ಬೀಳೇ ಉಳಿಯಿತು. ಆದರೆ ಆ ಅರ್ಧ ನಮ್ಮನ್ನು ಬದುಕಿಸಿತು. ಬೆಳೆ ಬಂದ ಮೇಲೆ ಸಭೆಯ ಸುಗ್ಗಿ ಹಬ್ಬಕ್ಕೆ ಒಂದು ಸಿವುಡು ಭತ್ತ ಒಯ್ದೆವು. ಅಯ್ಯನವರು ಅದನ್ನು ಎಲ್ಲರಿಗೂ ಎತ್ತಿ ತೋರಿಸಿ ಅದ್ಭುತ ಎಂದರು. ನಾನು ಎನ್ನುವುದಿಲ್ಲ. ನನ್ನ ಕೈ ತಪ್ಪಿತ್ತು, ನೀಲವ್ವನ ಕೈ ತಪ್ಪಲಿಲ್ಲ. ದೇವರಿಗೆ ಸ್ತೋತ್ರ ಹೇಳುವಾಗ ನಾನು ಇವತ್ತಿಗೂ ಆ ಮುದುಕಿಯ ಹೆಸರನ್ನು ಸೇರಿಸಿಯೇ ಹೇಳುತ್ತೇನೆ. ಅವಳಿಗೆ ತಿಳಿದಿದ್ದರೆ ಕೋಲು ಎತ್ತುತ್ತಿದ್ದಳು.

ಇನ್ನೊಂದಾಯಿತು. ಯಾವಾಗಿನಿಂದ ಎಂದು ಹೇಳಲಾರೆ, ಊರಿನಲ್ಲಿ ಯಾರೂ ನಮ್ಮನ್ನು ಗಂಜಿಯವರು ಎನ್ನದಾದರು. ಕಣದಲ್ಲಿ ಹೊಸಬನೊಬ್ಬ ಬಾಯಿ ತಪ್ಪಿ ಅಂದಾಗ, ಹಿಂದೆ ದಾರಿಯಲ್ಲಿ ನಕ್ಕಿದ್ದವನೇ ಅವನನ್ನು ಗದರಿಸಿದ: "ಗಂಜಿಯವರಂತ! ಗಂಜಿಗೆ ಬಂದಾವರು ಹದದ ದಿನಾ ಬಿಡ್ತಾರೇನಲೆ?" ನನ್ನ ಗಂಡ ಕೇಳಿಸಿಕೊಂಡ. ಭತ್ತ ತೂರುತ್ತಿದ್ದವನು ತೂರುತ್ತಲೇ ಇದ್ದ. ಮೊರ ಮಾತ್ರ ಸ್ವಲ್ಪ ಮೇಲಕ್ಕೆ ಹೋಯಿತು. ಅವನಿಗೆ ಬೇಕಾಗಿದ್ದುದು ಅದೊಂದೇ, ಅದು ಸಿಕ್ಕಿತು. ನಾನು ಕೊಟ್ಟ ಬೆಲೆಗೆ ಅದು ದುಬಾರಿಯೋ ಅಗ್ಗವೋ ಎಂದು ಬಹಳ ವರ್ಷ ಲೆಕ್ಕ ಹಾಕಿದೆ. ಈಗ ಬಿಟ್ಟಿದ್ದೇನೆ.

ಯುಗಾದಿಗೆ ಗೌಡರು ಆಡಿದ ಹಾಗೆ ಮಾಡಿದರು. ಅರ್ಧ ಬೀಳು ಬಿದ್ದಿತ್ತಲ್ಲ. ಗದ್ದೆ ಬೇರೆಯವರಿಗೆ ಹೋಯಿತು. ಭೂಮಿ ಇಲ್ಲದ ಮೇಲೆ ಆ ಊರಲ್ಲಿ ಏನಿದೆ? ಸವಣೂರಿನ ಎಲೆತೋಟದಲ್ಲಿ ಆಳು ಬೇಕೆಂದು ಯಾರೋ ಹೇಳಿದರು. ಗಂಟು ಕಟ್ಟಿದೆವು.

ಉಳಿದದ್ದು ಮೈಲ. ಸಂತೆಗೆ ಹೊಡೆಯಬಹುದಿತ್ತು. ಹೊಡೆದರೆ ಕೆಂದ ಒಂಟಿಯಾಗುತ್ತಿತ್ತು, ಬಸಲಿಂಗಪ್ಪನ ಬಿತ್ತನೆ ನಿಲ್ಲುತ್ತಿತ್ತು. ಬೆಳಗ್ಗೆ ನನ್ನ ಗಂಡ ಮೈಲನನ್ನು ಹಿಡಿದುಕೊಂಡು ಹೋಗಿ ಅವರ ಗೋದಲಿಗೆ ಕಟ್ಟಿದ. ಕಟ್ಟಿ, ಹಗ್ಗವನ್ನು ಬಸಲಿಂಗಪ್ಪನ ಕೈಗೆ ಮುಟ್ಟಿಸಿದ. ಬಸಲಿಂಗಪ್ಪ ಬೇಡವೆಂದ. ಇವನು ಇಟ್ಟುಕೋ ಎಂದ. ಗಂಡಸರು ಅಳುವುದು ಬಾರದೆ ಒಬ್ಬರಿಗೊಬ್ಬರು ಸಿಟ್ಟು ಮಾಡಿದರು.

ಕೊನೆಗೆ ಬಸಲಿಂಗಪ್ಪ ಹೇಳಿದ: "ಆತು, ಇರಲಿ. ಆದ್ರ ಐತಾರ ಇದನ್ನ ಹೂಡಂಗಿಲ್ಲ ನೋಡು ನಾನು. ಎತ್ತಿಗೆ ಹಿಡಿಸಿದ ವಾರ ಬಿಡಿಸಬಾರದು."

ನೀಲವ್ವ ಒಳಗಿನಿಂದ ಬಂದು ನನ್ನ ಉಡಿಯಲ್ಲಿ ಭತ್ತ ಸುರಿದಳು. ಉಡಿ ತುಂಬುವುದು ಎಂದರೆ ಮನೆಯ ಮಗಳಿಗೆ ಮಾಡುವುದು. ನಮ್ಮ ಮನೆಯ ನೀರು ಮುಟ್ಟದವಳು ಅದನ್ನು ಮಾಡಿದಳು. "ಅಲ್ಲಿ ಹೋಗಿ ಸುರುವಬ್ಯಾಡ, ಸಾಲಿನಾಗ ಬಿಡು," ಎಂದಳು. ಅವಳ ಮಾತು ಯಾವಾಗಲೂ ಹಾಗೇ.

ಸವಣೂರಿನ ಬದುಕು ಬೇರೆ ಕತೆ. ಒಂದೇ ಹೇಳುತ್ತೇನೆ. ತೋಟದ ಮಾಲಕರು ಸಾಬರು. ದಾವಲ ಎಂಬ ಹೆಸರು ಕೇಳಿ ನನ್ನ ಗಂಡನನ್ನು ತಮ್ಮವನೆಂದೇ ತಿಳಿದು, "ಶುಕ್ರವಾರ ನಮಾಜಿಗೆ ತೋಟಾ ಬಂದ್ ದಾವಲಸಾಬ್," ಎಂದರು. ಇವನು, ನಾನು ಸಾಬನಲ್ಲ, ನನಗೆ ಐತವಾರ ಸೂಟಿ ಬೇಕು ಎಂದ. ಅವರು ಗಡ್ಡ ತುರಿಸಿಕೊಂಡು, "ಶುಕ್ರವಾರ ತೋಟಾ ಬಂದ್. ಐತವಾರ ನೀ ಬಂದ್. ಯಾ ಅಲ್ಲಾ, ಎಲಿ ಕೀಳೂದು ಯಾವಾಗ್ರಪಾ?" ಎಂದರು. ಹಾಗೆಂದರೂ ಸೂಟಿ ಕೊಟ್ಟರು. ಐತವಾರ ನೀರನ್ನು ತಾವೇ ಹಾಯಿಸುತ್ತಿದ್ದರು. ನಾವು ಬದುಕಿದ್ದು ಇಂಥವರ ನಡುವೆ. ನನ್ನ ಗಂಡ ಸಾಯುವವರೆಗೂ ತನ್ನದೆಂದು ಒಂದು ಸಾಲು ಬಿತ್ತಲಿಲ್ಲ. ಬಿತ್ತಲಿಲ್ಲ ಎಂದು ಒಂದು ದಿನವೂ ಅನ್ನಲಿಲ್ಲ. ಅನ್ನುವ ಕೆಲಸ ನನ್ನದಾಗಿತ್ತು, ನಾನು ಚೆನ್ನಾಗಿ ಮಾಡಿದೆ.

ಬದುವಿನ ಮೇಲೆ ನಾನು ಇಷ್ಟು ಹೊತ್ತು ಕುಳಿತದ್ದನ್ನು ನೋಡಿ ಟ್ರ್ಯಾಕ್ಟರು ನಿಂತಿತು. ಓಡಿಸುತ್ತಿದ್ದವನು ಇಳಿದು ನೀರಿನ ಬಾಟಲಿ ಹಿಡಿದುಕೊಂಡು ಬಂದ. ಮೂಗು ನೋಡಿದ ಕೂಡಲೇ ತಿಳಿಯಿತು, ಬಸಲಿಂಗಪ್ಪನ ಮೊಮ್ಮಗ. ಹೆಸರೂ ಅಜ್ಜನದೇ.

"ನೀರು ಕುಡೀರಿ ಆಯಿ. ಯಾವೂರಾತ್ರಿ?"

"ಸವಣೂರು. ನಿನ್ನ ಅಜ್ಜ ನನಗ ಗೊತ್ತಿದ್ದಪಾ." ಬಾಟಲಿ ಎತ್ತಿ ಕುಡಿದೆ. ಅವನು ಅದನ್ನೇ ತೆಗೆದುಕೊಂಡು, ಒರೆಸಲೂ ಇಲ್ಲ, ತಾನೂ ಕುಡಿದ. ನಾನು ಅದನ್ನು ನೋಡಿದೆ. ಕೇಳಿದೆ: "ಸ್ವಾಮಾರ ಬಿತ್ತಾಕತ್ತೀಯಲ್ಲೋ. ನಿಮ್ಮ ಮನ್ಯಾಗ ಸ್ವಾಮಾರ ಹೂಡತಿದ್ದಿಲ್ಲ?"

ಅವನು ನಕ್ಕ. "ಟ್ರ್ಯಾಕ್ಟರಿಗೆ ಎಲ್ಲೀ ಸ್ವಾಮಾರ ಆಯಿ? ಎತ್ತ ಇಲ್ಲ ಮನ್ಯಾಗ. ಎತ್ತು ಹ್ವಾದವು, ಸ್ವಾಮಾರಾನೂ ಹೋತು." ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸುತ್ತ ಹೇಳಿದ: "ಐತಾರ ಮಾತ್ರ ನಾವು ಹೊಲಕ್ಕ ಕಾಲಿಡಂಗಿಲ್ರಿ. ನಿನ್ನಿ ಹದ ಇತ್ತು, ಊರಿಗೂರ ಬಿತ್ತಿತು. ನಮ್ಮ ಗಾಡಿ ಮನಿ ಮುಂದ ನಿಂತಿತ್ತು. ಅದು ನಮ್ಮ ಮನಿ ವಾರ."

"ಯಾಕ?"

"ಯಾರಿಗ್ಗೊತ್ರಿ. ಅಜ್ಜ ಹಿಡದಿದ್ನಂತ. ಅಪ್ಪ ಬಿಡಲಿಲ್ಲ, ನಾನೂ ಬಿಟ್ಟಿಲ್ಲ. ಹಿಡದ ವಾರ ಬಿಡಬಾರದಂತಾರಲ್ಲ."

"ಬಿಡಬಾರದು," ಎಂದೆ.

ಅವನು ಹೋಗಿ ಗಾಡಿ ಚಾಲೂ ಮಾಡಿದ. ರೂತ್ ಬಾಯಿ ತೆರೆದುಕೊಂಡು ನಿಂತಿದ್ದಳು. ಈ ಕತೆಯನ್ನು ತಾಯಿಯ ಬಾಯಲ್ಲಿ ಕೇಳಿದವಳು. ಅವಳು ಐತವಾರ ಟ್ಯೂಶನ್ ಹೇಳುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಚರ್ಚಿಗೆ ಹೊತ್ತಾದರೆ ಹೋಗುತ್ತಾಳೆ, ಇಲ್ಲವಾದರೆ ಇಲ್ಲ. ನಾನು ಅದಕ್ಕೆ ಏನೂ ಅನ್ನುವುದಿಲ್ಲ.

"ಅಜ್ಜಿ, ಹೇಳಬೇಕಿತ್ತಲ್ಲ ಅಂವಗ," ಎಂದಳು ಸ್ಕೂಟಿ ತಿರುಗಿಸುತ್ತ. "ಅದು ನಮ್ಮ ಅಜ್ಜನ ವಾರ ಅಂತ."

"ಎತ್ತು ಕೊಟ್ಟು ಬಂದೇವಿ," ಎಂದೆ. "ಇನ್ನ ಅದರ ವಾರ ನಮ್ಮದಂತ ಯಾವ ಬಾಯಲೆ ಕೇಳೂದು? ನಡಿ, ಮಳಿ ಬರತೈತಿ."